ಉನ್ಮಾದವೂ ರಕ್ತಪರೀಕ್ಷೆಯೂ

ಹೆಬ್ಬಾಳದಿಂದ ಯಲಹಂಕಕ್ಕೆ ಹೋಗುವ ಬಳ್ಳಾರಿ ರಸ್ತೆಯ ಪಕ್ಕದಲ್ಲಿ, ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದೊಳಗೆ, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಿರುವುದು. ಅಲ್ಲಿ ನಿಮ್ಹಾನ್ಸ್ ಆಸ್ಪತ್ರೆಯ ಸಹಯೋಗದಿಂದ 2016ರಲ್ಲಿ ಒಂದು ಶೋಧನೆ ಆರಂಭವಾಯಿತು. ಒಬ್ಬರಿಗಿಂತ ಹೆಚ್ಚು ಮಂದಿ ಮನೋರೋಗಿಗಳಿರುವ ಮನೆತನಗಳಿಂದ ರಕ್ತವನ್ನು ಪಡೆದು, ಅದರ ಕಣಗಳನ್ನು ಕಾಂಡಕೋಶಗಳಾಗಿ ಮಾರ್ಪಡಿಸಿ, ಅವುಗಳಿಂದ ನರಕೋಶಗಳನ್ನು ಬೆಳೆಯಿಸಿ ಪರೀಕ್ಷಿಸುವುದು ಅದರ ಕ್ರಮ. ಉನ್ಮಾದದ ಗುಟ್ಟನ್ನು ರಕ್ತದಲ್ಲಿ ಅರಸುವ ಈ ಆಸೆ ಹೊಸದಲ್ಲ.

ಚರಕಸಂಹಿತೆಯು ಉನ್ಮಾದವನ್ನು ಐದು ಬಗೆಯಾಗಿ ವಿಭಾಗಿಸಿ, ನಾಲ್ಕಕ್ಕೆ ದೇಹದ ದೋಷಗಳನ್ನೇ ಕಾರಣವಾಗಿ ಹೇಳುತ್ತದೆ. ಪಿತ್ತ ನೆತ್ತಿಗೇರಿತೆಂಬ ನಮ್ಮ ಮಾತಿನಲ್ಲಿ ಆ ಅಭಿಪ್ರಾಯದ ಛಾಯೆ ಇಂದಿಗೂ ಉಳಿದಿದೆ. ಆದರೆ ರಕ್ತವು ಸ್ಪಷ್ಟವಾಗಿ ಸಾಕ್ಷಿ ನುಡಿದುದು 1906ರಲ್ಲಿ, ವಾಸರ್ಮನ್ನನ ಪರೀಕ್ಷೆಯಿಂದ. ಯೂರೋಪಿನ ಹುಚ್ಚಾಸ್ಪತ್ರೆಗಳಲ್ಲಿದ್ದ ಹಲವರ ಬುದ್ಧಿಭ್ರಂಶಕ್ಕೆ ಸಿಫಿಲಿಸ್ ಮೂಲವೆಂಬುದು ಅದರಿಂದ ದೃಢಪಟ್ಟಿತು; 1913ರಲ್ಲಿ ನೊಗುಚಿ ಮತ್ತು ಮೂರ್ ಎಂಬವರು ಮೃತರ ಮಿದುಳಿನಲ್ಲಿಯೇ ಆ ರೋಗಾಣುವನ್ನು ಕಂಡರು. ಬ್ಲಾಯ್ಲರನು 1908ರಲ್ಲಿ ಹೆಸರಿಟ್ಟ ಸ್ಕಿಜೋಫ್ರೀನಿಯಾ ಮಾತ್ರ ಇಂತಹ ಸಾಕ್ಷ್ಯಕ್ಕೆ ಸಿಕ್ಕಲಿಲ್ಲ.

1965ರಲ್ಲಿ ಮತ್ತೊಬ್ಬ ಮೂರ್ (ಹಿಂದೆ ಹೇಳಿದವನಲ್ಲ) ಮಿದುಳಿನಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿದನು. ಅಮೋನಿಯಂ ಸಲ್ಫೇಟಿನ ಪೂರ್ಣ ಪರ್ಯಾಪ್ತ ದ್ರಾವಣದಲ್ಲಿಯೂ, ಎಂದರೆ ನೂರಕ್ಕೆ ನೂರರಲ್ಲಿಯೂ, ಕರಗಿಯೇ ಇರುವುದರಿಂದ ಅದಕ್ಕೆ ಎಸ್-100 ಎಂದು ಹೆಸರಾಯಿತು. ಇದರ ಒಂದು ಬಗೆಯಾದ ಎಸ್-100ಬಿ ಸ್ಕಿಜೋಫ್ರೀನಿಯಾ ರೋಗಿಗಳ ರಕ್ತದಲ್ಲಿ ಹೆಚ್ಚಾಗಿರುವುದನ್ನು ಮುಂದೆ ಅನೇಕರು ಕಂಡು, ಮಿದುಳಿನ ಕೋಶಗಳಿಗೆ ಒದಗಿದ ಹಾನಿಯ ಗುರುತೆಂದು ಭಾವಿಸಿದರು. ದೇಹದ ಕೊಬ್ಬಿನಿಂದಲೂ ಅದು ರಕ್ತಕ್ಕೆ ಸೇರುವುದೆಂದು ತಿಳಿದಮೇಲೆ ಆ ಉತ್ಸಾಹ ತಗ್ಗಿತು.

ಉರಿಯೂತದ ಗುರುತುಗಳ ಕಥೆಯೂ ಹೀಗೆಯೇ. ಐಎಲ್-6 ಎಂಬುದು ರೋಗದ ಮೊದಲ ಹೊಡೆತದಲ್ಲಿಯೂ ಮರುಕಳಿಸಿದಾಗಲೂ ಏರಿ, ಚಿಕಿತ್ಸೆಯಿಂದ ಇಳಿಯುವುದೆಂದು 2011ರಲ್ಲಿ ನಡೆದ ಸಮಗ್ರ ವಿಮರ್ಶೆಯೊಂದು ತೋರಿಸಿತು. ಅದೇ ಐಎಲ್-6ರ ವಂಶಾಣುವಿನಲ್ಲಿರುವ ಭೇದಕ್ಕೂ ಮಿದುಳಿನ ಹಿಪೊಕ್ಯಾಂಪಸ್ ಭಾಗದ ಗಾತ್ರಕ್ಕೂ ಇರುವ ಸಂಬಂಧವನ್ನು, ಇನ್ನೂ ಔಷಧ ಸೇವಿಸದ ರೋಗಿಗಳಲ್ಲಿ ಪರೀಕ್ಷಿಸಿ, ನಿಮ್ಹಾನ್ಸಿನ ವಿದ್ವಾಂಸರು 2014ರಲ್ಲಿ ಪ್ರಕಟಿಸಿದರು. ಇದು ಬೆಲೆಯುಳ್ಳ ಕೆಲಸ. ಆದರೂ ಐಎಲ್-6 ಸ್ಥೂಲದೇಹದಿಂದಲೂ ಧೂಮಪಾನದಿಂದಲೂ ಏರತಕ್ಕದ್ದು. ಗುಂಪಿನ ಸರಾಸರಿಯಲ್ಲಿ ಕಾಣುವ ಭೇದವನ್ನು ಎದುರಿಗೆ ಕುಳಿತ ಒಬ್ಬ ಹುಡುಗನ ಮೇಲೆ ಹೊರಿಸಲಾಗದು. ಮದುವೆ, ಉದ್ಯೋಗಗಳೆರಡೂ ಈ ಒಂದು ಹೆಸರಿನಿಂದ ಮುರಿದುಬೀಳುವ ನಮ್ಮ ಸಮಾಜದಲ್ಲಿ ಇದನ್ನು ಒತ್ತಿ ಹೇಳಬೇಕಾಗಿದೆ.

ಆದಕಾರಣ ವೈದ್ಯನು ಇಂದಿಗೂ ರೋಗಿಯ ಮಾತನ್ನೂ ಮನೆಯವರ ಮಾತನ್ನೂ ಕೇಳಿಯೇ ಈ ರೋಗವನ್ನು ನಿಶ್ಚಯಿಸುವನು. ರಕ್ತವನ್ನು ತೆಗೆಯಿಸುವುದು ಬೇರೆ ರೋಗಗಳಿಲ್ಲವೆಂದು ತಿಳಿಯುವುದಕ್ಕಾಗಿ. ಸಂದೇಹವಿದ್ದಲ್ಲಿ ಮಾಡಿಸುವ ಪರೀಕ್ಷೆಗಳಲ್ಲಿ ಸಿಫಿಲಿಸಿನದೂ ಒಂದು.