ಮೊದಲ ಮೀನಿನ ವ್ರತ

ಸಿರುಗುಪ್ಪ ತಾಲ್ಲೂಕಿನ ತುಂಗಭದ್ರಾ ತೀರಪ್ರದೇಶದಲ್ಲಿ, ನಿಟ್ಟೂರು ಮತ್ತು ಉಡೇಗೋಳ ಗ್ರಾಮಗಳ ಬಂಡೆಗಳ ಮೇಲೆ ಮೌರ್ಯ ಸಾಮ್ರಾಟ ಅಶೋಕನ ಶಾಸನಗಳಿವೆ. 1970ರ ದಶಕದ ಕೊನೆಯಲ್ಲಿ ಬೆಳಕಿಗೆ ಬಂದ ಇವುಗಳಲ್ಲಿ ಅರಸನ ಹೆಸರು ‘ಅಶೋಕ’ ಎಂದೇ ಇರುವುದರಿಂದ ಇತಿಹಾಸಜ್ಞರು ಇವನ್ನು ಬಹಳವಾಗಿ ಗೌರವಿಸುತ್ತಾರೆ. ಅಹಿಂಸಾಧರ್ಮವನ್ನು ನಂಬಿದ ನಮಗಾದರೋ ಅದೇ ಅರಸನ ಮತ್ತೊಂದು ಶಾಸನ ಇನ್ನೂ ಹತ್ತಿರದ್ದು. ಉತ್ತರ ಭಾರತದ ಸ್ತಂಭಗಳ ಮೇಲಿರುವ ಐದನೆಯ ಸ್ತಂಭಶಾಸನವೇ ಅದು.

ಪಟ್ಟಾಭಿಷೇಕವಾಗಿ 26 ವರ್ಷಗಳಾದ ಬಳಿಕ ಹೊರಡಿಸಿದ ಆ ಶಾಸನದಲ್ಲಿ ಅಶೋಕನು ಮೂರು ಚಾತುರ್ಮಾಸ್ಯ ಹುಣ್ಣಿಮೆಗಳಲ್ಲಿಯೂ ತಿಷ್ಯ ಹುಣ್ಣಿಮೆಯಲ್ಲಿಯೂ, ಚತುರ್ದಶಿಯಿಂದ ಪಾಡ್ಯದವರೆಗಿನ ಮೂರು ಮೂರು ದಿನ, ಅಲ್ಲದೆ ಉಪವಾಸದ ದಿನಗಳಲ್ಲಿ ಮೀನನ್ನು ಕೊಲ್ಲಬಾರದೆಂದು ವಿಧಿಸಿದನು. ಕೊಲ್ಲಬಾರದು ಎಂದಷ್ಟೇ ಅಲ್ಲ, ಮಾರಲೂ ಬಾರದು ಎಂದನು. ಈ ಎರಡನೆಯ ಮಾತು ವ್ಯಾಪಾರವೃತ್ತಿಯ ನಮ್ಮ ಸಮಾಜ ವಿಶೇಷವಾಗಿ ಗಮನಿಸಬೇಕಾದುದು. ಹಿಂಸೆಯ ಹೊಣೆ ಬಲೆ ಬೀಸಿದವನಲ್ಲಿಗೇ ನಿಲ್ಲದೆ ಅಂಗಡಿಯ ಕಟ್ಟೆಯವರೆಗೂ ಬರುತ್ತದೆಂಬುದು ಅದರ ತಾತ್ಪರ್ಯ.

ಇಂಥ ನಿಯಮಗಳು ಮುಂದೆಯೂ ಬಂದವು. 1580ರ ದಶಕದಲ್ಲಿ ಆಚಾರ್ಯ ಹೀರವಿಜಯ ಸೂರಿಗಳ ಉಪದೇಶದಿಂದ ಅಕ್ಬರನು ಡಾಬರ್ ಎಂಬ ದೊಡ್ಡ ಸರೋವರದಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸಿದನೆಂದು ಜೈನ ಗ್ರಂಥಗಳು ತಿಳಿಸುತ್ತವೆ. ಬಳ್ಳಾರಿಯು ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ, 1897ರಲ್ಲಿ, ಭಾರತೀಯ ಮೀನುಗಾರಿಕೆ ಅಧಿನಿಯಮ ಜಾರಿಗೆ ಬಂದಿತು. ಸಿಡಿಮದ್ದು ಸಿಡಿಸಿ ಅಥವಾ ವಿಷ, ಸುಣ್ಣ ಬೆರೆಸಿ ಮೀನು ಹಿಡಿಯುವವರಿಗೆ ಅದು ಎರಡು ತಿಂಗಳವರೆಗಿನ ಸೆರೆವಾಸ ಇಲ್ಲವೇ 200 ರೂಪಾಯಿವರೆಗಿನ ದಂಡ ವಿಧಿಸಿತು. ಬಲೆಗಳ ವಿಧ ಹಾಗೂ ಅಳತೆಯನ್ನು ನಿಯಂತ್ರಿಸುವ, ಗೊತ್ತುಪಡಿಸಿದ ನೀರಿನಲ್ಲಿ ಎರಡು ವರ್ಷದವರೆಗೆ ಮೀನುಗಾರಿಕೆಯನ್ನೇ ನಿಲ್ಲಿಸುವ ಅಧಿಕಾರವನ್ನೂ ಸರ್ಕಾರಕ್ಕೆ ನೀಡಿತು.

ಈ ಕಾನೂನಿನ ಹಿಂದಿನ ವಿವೇಕವನ್ನು ಅರಿಯಬೇಕು. ದೊಡ್ಡ ಕಣ್ಣಿನ ಬಲೆ ಮರಿಗಳನ್ನು ಬಿಟ್ಟುಕೊಡುತ್ತದೆ. ಸಿಡಿಮದ್ದಿಗೆ ಆ ವಿವೇಚನೆಯಿಲ್ಲ. ಅದರ ಆಘಾತಕ್ಕೆ ಮೀನಿನ ಒಡಲಿನ ಗಾಳಿಚೀಲ ಒಡೆಯುತ್ತದೆ. ಮೊಟ್ಟೆ, ಮರಿ, ಇತರ ಜಲಚರಗಳೆಲ್ಲ ನಾಶವಾಗುತ್ತವೆ. ಸತ್ತ ಮೀನುಗಳಲ್ಲಿ ಅನೇಕ ತಳಕ್ಕಿಳಿದು ಯಾರ ಕೈಗೂ ಸಿಗುವುದಿಲ್ಲ. ಮುದ್ಲಾಪುರದಿಂದ ಕಂಪ್ಲಿಯವರೆಗೆ ಸುಮಾರು 34 ಕಿಲೋಮೀಟರ್ ಉದ್ದದ ತುಂಗಭದ್ರೆಯನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಯಿತು. ಆ ಜೀವಿಗಳಿಗೂ ಸಿಡಿಮದ್ದಿನ ಮೀನುಗಾರಿಕೆ ದೊಡ್ಡ ಕಂಟಕ. ಹರಿಗೋಲಿನಲ್ಲಿ ಬಲೆ ಬೀಸಿ ಬದುಕುವ ಬಡ ಮೀನುಗಾರನ ಅನ್ನವನ್ನು ಕಸಿಯುವುದೂ ಅದೇ.

ಇಲ್ಲಿ ನಮ್ಮವರಲ್ಲಿ ಒಂದು ಸಂದೇಹ ಏಳುವುದು ಸಹಜ. ಮೀನು ಹಿಡಿಯುವುದಕ್ಕೆ ನಿಯಮ ಬೇಕೆಂದು ಕೇಳಿದರೆ, ನಿಯಮಬದ್ಧವಾಗಿ ಹಿಡಿಯುವುದನ್ನು ಒಪ್ಪಿದಂತಾಗದೇ? ಕೃತ, ಕಾರಿತ, ಅನುಮೋದಿತ ಎಂಬ ಮೂರರಲ್ಲಿ ಮೂರನೆಯ ದೋಷ ನಮಗೆ ತಗಲದೇ? ಈ ಸಂದೇಹ ಕ್ಷುಲ್ಲಕವಲ್ಲ. ಪೂರ್ಣಧರ್ಮವನ್ನು ಮೊದಲು ಹೇಳದೆ ಅಲ್ಪಧರ್ಮವನ್ನು ಉಪದೇಶಿಸುವವನನ್ನು ‘ಪುರುಷಾರ್ಥಸಿದ್ಧ್ಯುಪಾಯ’ದಲ್ಲಿ ಅಮೃತಚಂದ್ರಾಚಾರ್ಯರು ಖಂಡಿಸಿದ್ದಾರೆ.

ಉತ್ತರವನ್ನು ಮೃಗಸೇನನ ಕಥೆಯಲ್ಲಿ ಕಾಣಬಹುದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದಲ್ಲಿ, 959ರಲ್ಲಿ, ಸೋಮದೇವ ಸೂರಿಗಳು ರಚಿಸಿದ ‘ಯಶಸ್ತಿಲಕ’ದಲ್ಲಿ ಈ ಕಥೆ ಬರುತ್ತದೆ. ಬೆಸ್ತನಾದ ಮೃಗಸೇನನಿಗೆ ಮುನಿಗಳು, ಬಲೆಗೆ ಮೊದಲು ಬಿದ್ದ ಮೀನನ್ನು ಕೊಲ್ಲದಿರುವ ವ್ರತ ಕೊಟ್ಟರು. ಮೊದಲ ಮೀನಿಗೆ ಗುರುತು ಕಟ್ಟಿ ಬಿಟ್ಟನು. ಐದು ಬಾರಿಯೂ ಅದೇ ಮೀನು ಬಲೆಗೆ ಬಿತ್ತು, ಐದು ಬಾರಿಯೂ ಬಿಟ್ಟನು, ಬರಿಗೈಯಲ್ಲಿ ಮನೆಗೆ ಮರಳಿದನು. ಆ ಪುಣ್ಯದಿಂದ ಮರುಜನ್ಮದಲ್ಲಿ ಐದು ಸಲ ಮೃತ್ಯುಮುಖದಿಂದ ಪಾರಾದನು. ಮುನಿಗಳು ಅವನ ಬಲೆಯನ್ನು ಹರಸಲಿಲ್ಲ, ಅವನನ್ನು ತಿರಸ್ಕರಿಸಲೂ ಇಲ್ಲ. ಅವರು ಅನುಮೋದಿಸಿದ್ದು ಬಿಟ್ಟ ಮೀನನ್ನು, ಹಿಡಿದ ಮೀನನ್ನಲ್ಲ. ಮೀನುಗಾರಿಕೆಯ ನಿಯಮಗಳನ್ನು ಬೆಂಬಲಿಸುವ ಶ್ರಾವಕನ ಭಾವವೂ ಇದೇ ಆಗಿರಬೇಕು.

ಆದರೆ ಬೆಸ್ತನಿಗೆ ವ್ರತ ಹೇಳುವ ಮುನ್ನ ನಮ್ಮ ವ್ರತವನ್ನು ನೋಡಿಕೊಳ್ಳಬೇಡವೇ? ಶ್ರಾವಕನು ವರ್ಜಿಸಬೇಕಾದ ಹದಿನೈದು ಕರ್ಮಾದಾನಗಳಲ್ಲಿ ವಿಷವಾಣಿಜ್ಯವೂ ಒಂದೆಂದು ಹೇಮಚಂದ್ರಾಚಾರ್ಯರ ‘ಯೋಗಶಾಸ್ತ್ರ’ ಎಣಿಸುತ್ತದೆ. ಬಳ್ಳಾರಿ ಗಣಿಗಳ ನಾಡು. ಸಿರುಗುಪ್ಪ, ಕುರುಗೋಡು ಕಾಲುವೆ ನೀರಿನ ಭತ್ತದ ಸೀಮೆ. ಒಂದೆಡೆ ಸಿಡಿಮದ್ದಿಗೆ ಬಳಕೆಯಿದೆ, ಇನ್ನೊಂದೆಡೆ ಕ್ರಿಮಿನಾಶಕಕ್ಕೆ. ನದಿಗೆ ಬೀಳುವ ಮದ್ದಾಗಲಿ ವಿಷವಾಗಲಿ ಯಾವುದೋ ಗೋದಾಮಿನಿಂದಲೇ ಹೊರಟಿರುತ್ತದೆ. ಪರವಾನಗಿ, ರಸೀದಿ, ದಾಸ್ತಾನು ಪುಸ್ತಕಗಳನ್ನು ಸರಿಯಾಗಿಡುವುದು ಕೇವಲ ಲೆಕ್ಕಪತ್ರದ ಶಿಸ್ತಲ್ಲ. ಅದು ಅಹಿಂಸಾಣುವ್ರತದ ಭಾಗ.

ಮಳೆಗಾಲದಲ್ಲಿ ಜೀವರಾಶಿ ಹೆಚ್ಚುವುದರಿಂದಲೇ ನಮ್ಮ ತ್ಯಾಗಿಗಳು ಚಾತುರ್ಮಾಸದಲ್ಲಿ ವಿಹಾರ ನಿಲ್ಲಿಸುತ್ತಾರೆ. ಕಾಟ್ಲಾ, ರೋಹು ಮುಂತಾದ ಮೀನುಗಳು ಹೊಸನೀರಿನಲ್ಲಿ ಮೊಟ್ಟೆಯಿಡುವುದೂ ಆಗಲೇ. ಬಸದಿ ಹಾಗೂ ಮಂದಿರಗಳ ವಿಶ್ವಸ್ಥ ಮಂಡಳಿಗಳು ಪ್ರತಿ ವರ್ಷ ಆಷಾಢಕ್ಕೆ ಮುನ್ನ ಮೀನುಗಾರಿಕೆ ಇಲಾಖೆಯವರನ್ನೂ ಮೀನುಗಾರರ ಸಹಕಾರ ಸಂಘದವರನ್ನೂ ಕಂಡು ಮಾತನಾಡಲಿ. ಬಲೆ ಕಟ್ಟಿಟ್ಟ ದಿನಗಳಲ್ಲಿ ಬಡ ಕುಟುಂಬಗಳಿಗೆ ಧಾನ್ಯ ಒದಗಿಸಲಿ. ಪರ್ಯುಷಣದಲ್ಲಿ ಮೀನನ್ನು ಕೊಂಡು ನದಿಗೆ ಬಿಡುವ ಜೀವದಯೆ ಒಂದು ದಿನದ್ದು. ವಿಷ ಮತ್ತು ಸಿಡಿಮದ್ದು ನೀರಿಗೆ ಬೀಳದಂತೆ ಕಾಯುವ ಜೀವದಯೆ ವರ್ಷವಿಡೀ ನಡೆಯಬೇಕಾದುದು. ಮೃಗಸೇನನು ಬರಿಗೈಯಲ್ಲಿ ಮನೆಗೆ ಹೋಗುವ ನಷ್ಟವನ್ನು ಒಪ್ಪಿಕೊಂಡನು. ಅನುಮಾನವಿರುವ ಗಿರಾಕಿಯನ್ನು ಬರಿಗೈಯಲ್ಲಿ ಕಳುಹಿಸುವಷ್ಟು ನಷ್ಟವನ್ನು ನಾವೂ ಒಪ್ಪಿಕೊಳ್ಳೋಣ.