ರೊಕ್ಕ, ಉದ್ರಿ ಮತ್ತು ಹೆಬ್ಬೆಟ್ಟು

ನಮ್ಮವ್ವ ಹತ್ತಿ ಬಿಡಿಸಿದ ಕೈಯವಳು. ಕಳೆದ ಸುಗ್ಗಿಯಲ್ಲಿ ಊರ ಕಿರಾಣಿ ಅಂಗಡಿಯ ಮುಂದೆ ಕೂತಿದ್ದ ಬ್ಯಾಂಕಿನ ಏಜೆಂಟನ ಸಣ್ಣ ಮಶೀನಿನ ಮೇಲೆ ಹೆಬ್ಬೆಟ್ಟು ಒತ್ತಿದಳು. ಹತ್ತಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು. ಹತ್ತಲಿಲ್ಲ. "ಯವ್ವಾ, ನಿನ್ನ ಬಟ್ಟಿನ ಗೆರಿ ಸವದಾವ, ನಾಳೆ ಬಾ" ಅಂದ ಹುಡುಗ. ಖಾತೆ ಅವಳ ಹೆಸರಿನಲ್ಲೇ ಇತ್ತು. ಖಾತೆಯಲ್ಲಿ ರೊಕ್ಕವೂ ಇತ್ತು. ಆದರೂ ಅವತ್ತು ರಾತ್ರಿ ನಮ್ಮ ಮನೆಗೆ ಜೋಳದ ಹಿಟ್ಟು ಉದ್ರಿ ಬಂತು.

ದಾರಿಯಲ್ಲಿ ಅವ್ವ ಒಂದು ಮಾತು ಹೇಳಿದಳು: "ನಿಮ್ಮ ಮುತ್ಯಾನ ಹೆಬ್ಬಟ್ಟು ಸಾವಕಾರನ ಕಾಗದಕ್ಕ ಒಮ್ಮಿಗೇ ಹತ್ತತಿತ್ತು ನೋಡು. ಸಾಲ ಹೊರಸೂ ಮುಂದ ಹತ್ತತೈತಿ, ನಮ್ಮ ರೊಕ್ಕ ನಾವು ತಗೊಳ್ಳೂ ಮುಂದ ಹತ್ತಂಗಿಲ್ಲ."

ಮೂರು ವರ್ಷ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದಿದ ನನಗೆ ಯಾವ ಮಾಸ್ತರರೂ ಇಷ್ಟು ನೇರವಾಗಿ ಹೇಳಿರಲಿಲ್ಲ. ನಮ್ಮ ಕಡೆ ರೊಕ್ಕ ಅಂದರೆ ಕೈಯಲ್ಲಿರುವ ಹಣ. ಉದ್ರಿ ಅಂದರೆ ಇನ್ನೊಬ್ಬರ ಪುಸ್ತಕದಲ್ಲಿರುವ ಲೆಕ್ಕ. ನಗದು ರಹಿತ ಸಮಾಜ ಬೇಕು ಅಂತ ದೊಡ್ಡವರು ಭಾಷಣ ಮಾಡುತ್ತಿರುವ ಈ ಹೊತ್ತಿನಲ್ಲಿ ಗೆಳೆಯರೇ, ರೊಕ್ಕ ಹೋಗಿ ಬರೀ ಲೆಕ್ಕ ಉಳಿದಾಗ ಏನಾಗುತ್ತದೆ ಎಂಬುದನ್ನು ಚರಿತ್ರೆಯಿಂದಲೇ ಕೇಳೋಣ. ಆ ಚರಿತ್ರೆ ನಮ್ಮ ಹತ್ತಿಯದೇ.

1861ರ ಏಪ್ರಿಲ್‌ನಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯಿತು. ಅಲ್ಲಿಯವರೆಗೆ ಬ್ರಿಟನ್ನಿನ ಗಿರಣಿಗಳಿಗೆ ಹೋಗುತ್ತಿದ್ದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ ದಕ್ಷಿಣ ರಾಜ್ಯಗಳದು, ಅಂದರೆ ಚಾಟಿ ಏಟು ತಿಂದು ಕಪ್ಪು ಗುಲಾಮರು ಬಿಡಿಸಿದ ಹತ್ತಿ. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು. ಹತ್ತಿ ನಿಂತಿತು. ಲಂಕಾಶೈರಿನಲ್ಲಿ ಮಗ್ಗಗಳು ನಿಂತವು, ಅಲ್ಲಿನ ಕೂಲಿಗಳು ಉಪವಾಸ ಬಿದ್ದರು. ಗಿರಣಿ ಮಾಲೀಕರು ಮಾತ್ರ ಭೂಪಟ ಬಿಡಿಸಿ ಇನ್ನೊಂದು ಕಪ್ಪು ಜನರ ನಾಡಿನ ಮೇಲೆ ಬೆರಳಿಟ್ಟರು. ಆ ಬೆರಳು ಗುಜರಾತದ ಮೇಲೆ, ವಿದರ್ಭದ ಮೇಲೆ, ನಮ್ಮ ಧಾರವಾಡದ ಮೇಲೆ ಬಿತ್ತು.

ಧಾರವಾಡ ಆಗ ಮುಂಬಯಿ ಪ್ರಾಂತದಲ್ಲಿತ್ತು. 1840ರ ದಶಕದಿಂದಲೇ ಕಂಪನಿ ಸರ್ಕಾರ ಇಲ್ಲಿ ಅಮೆರಿಕದ ತಳಿಯ ಬೀಜ ಹಾಕಿಸಿ ನೋಡಿತ್ತು. ಗದಗ, ಹುಬ್ಬಳ್ಳಿ ಸುತ್ತಿನ ಎರೆ ಹೊಲದಲ್ಲಿ ಅದು ಬೇರು ಬಿಟ್ಟಿತು. 'ಧಾರವಾಡ ಅಮೆರಿಕನ್' ಅಂತ ಪೇಟೆಯಲ್ಲಿ ಹೆಸರಾಯಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಕಿತ್ತು ಮುಂಬಯಿಗೆ ಸೇರಿಸಿದರು. ಕಾರವಾರದ ಬಂದರಿನಿಂದ ಈ ಹತ್ತಿಯನ್ನು ಹಡಗಿಗೆ ಏರಿಸುವ ಆಸೆ ಅದರ ಹಿಂದಿತ್ತು. ಬೀಜದ ಹೆಸರು, ಜಿಲ್ಲೆಯ ಗಡಿ ಎರಡನ್ನೂ ದೂರದ ಗಿರಣಿಯ ಹಸಿವು ಬದಲಿಸಿತು.

ಮುಂಬಯಿಯಲ್ಲಿ ಹಣದ ಹೊಳೆ ಹರಿಯಿತು. ಯುದ್ಧದ ವರ್ಷಗಳಲ್ಲಿ ಹತ್ತಿಯಿಂದ ಆ ನಗರಕ್ಕೆ ಮಾಮೂಲಿಗಿಂತ ಸುಮಾರು 8 ಕೋಟಿ ಪೌಂಡು ಹೆಚ್ಚಿಗೆ ಬಂತು ಅಂತ ಲೆಕ್ಕ ಹಾಕಿದ್ದಾರೆ. ಇಷ್ಟು ಹಣ ಹತ್ತಿ ಬೆಳೆಯುವ ನೆಲಕ್ಕೆ ತಿರುಗಿ ಬಂದು ಬಾವಿಯಾಯಿತೇ, ಕೆರೆಯಾಯಿತೇ? ಇಲ್ಲ. ಅದು ಕಾಗದವಾಯಿತು.

ಆ ಕಾಗದದ ಆಟ ಹೇಗಿತ್ತು ನೋಡಿ. ಒಂದು ಕಂಪನಿ ಹುಟ್ಟುತ್ತದೆ. ಅದು ಇನ್ನೂ ಒಂದು ಬುಟ್ಟಿ ಮಣ್ಣೂ ಹೊತ್ತಿರುವುದಿಲ್ಲ, ಆಗಲೇ ಅದರ ಷೇರಿಗೆ ಬೆಲೆ ಏರುತ್ತದೆ. ಆ ಷೇರು ಕಾಗದವನ್ನು ಅಡವಿಟ್ಟರೆ ಬ್ಯಾಂಕು ಸಾಲ ಕೊಡುತ್ತದೆ. ಆ ಸಾಲದಿಂದ ಇನ್ನೊಂದು ಕಂಪನಿಯ ಕಾಗದ. ಅದನ್ನು ಅಡವಿಟ್ಟು ಮತ್ತೊಂದು ಸಾಲ. ಇದೂ ಸಾಲದೆ ಮುದ್ದತ್ತಿನ ವ್ಯಾಪಾರ ಶುರುವಾಯಿತು: ಇವತ್ತು ಬರೀ ಮಾತು, ಮುಂದೆ ಗೊತ್ತಾದ ಒಂದು ದಿನಕ್ಕೆ ಹಣ. ಒಂದು ರೂಪಾಯಿಯೂ ಕೈ ಬದಲಾಗದೆ ಲಕ್ಷಗಳ ವ್ಯವಹಾರ ನಡೆಯಿತು. ದೊಡ್ಡವರು ತಮ್ಮೊಳಗೆ ಕಟ್ಟಿಕೊಂಡ ನಗದು ರಹಿತ ಸಮಾಜ ಅದು.

ಸಮುದ್ರ ತುಂಬಿ ನೆಲ ಮಾಡುತ್ತೇವೆ ಅಂತ ಬ್ಯಾಕ್ ಬೇ ಕಂಪನಿ ಹುಟ್ಟಿತು. ಅದರ 5 ಸಾವಿರ ರೂಪಾಯಿಯ ಷೇರು 50 ಸಾವಿರ ಮುಟ್ಟಿತು. ಬ್ಯಾಂಕ್ ಆಫ್ ಬಾಂಬೆ ಅಂದರೆ ಸರ್ಕಾರವೇ ಪಾಲುದಾರನಾಗಿದ್ದ ಬ್ಯಾಂಕು. 1863ರ ಹೊಸ ಕಾಯ್ದೆ ಅದಕ್ಕೆ ಷೇರು ಅಡವಿನ ಮೇಲೆ ಸಾಲ ಕೊಡಲು ಬಾಗಿಲು ತೆರೆಯಿತು. ಪ್ರೇಮಚಂದ್ ರಾಯಚಂದ್ ಎಂಬ ಹತ್ತಿ-ಷೇರು ದಲ್ಲಾಳಿಯ ಮಾತಿಗೆ ಆ ಬ್ಯಾಂಕಿನ ತಿಜೋರಿ ತೆರೆದುಕೊಳ್ಳುತ್ತಿತ್ತು.

ನೀರ ಮೇಲಿನ ಗುಳ್ಳೆಯ ಗುಣವೇ ಇದು. ಒಳಗೆ ಗಾಳಿ ಇದ್ದಷ್ಟೂ ಹೊರಗೆ ಬಣ್ಣ. 1865ರ ಏಪ್ರಿಲ್‌ನಲ್ಲಿ ದಕ್ಷಿಣದ ಸೇನಾಪತಿ ಲೀ ಶರಣಾದ. ಗುಲಾಮಗಿರಿಯ ಬೆನ್ನು ಮುರಿಯಿತು. ನಮ್ಮಂಥವರಿಗೆ ಅದು ಹಬ್ಬದ ಸುದ್ದಿ, ಮುಂಬಯಿಯ ಷೇರು ಪೇಟೆಗೆ ಸಾವಿನ ಸುದ್ದಿ. ಹತ್ತಿಯ ಬೆಲೆ ಕುಸಿಯಿತು. 1865ರ ಜುಲೈ 1, ಮುದ್ದತ್ತಿನ ಮಾತುಗಳಿಗೆಲ್ಲ ಹಣ ಎಣಿಸಬೇಕಾದ ದಿನ. ಎಣಿಸಲು ಯಾರ ಕೈಯಲ್ಲೂ ಏನೂ ಇರಲಿಲ್ಲ. ಬ್ಯಾಕ್ ಬೇ ಷೇರು ಕೇಳುವವರಿಲ್ಲದೆ ನೆಲ ಕಚ್ಚಿತು. ಒಂದು ಕಾಲಕ್ಕೆ 2,850 ರೂಪಾಯಿ ಇದ್ದ ಬ್ಯಾಂಕ್ ಆಫ್ ಬಾಂಬೆಯ ಷೇರು 87 ರೂಪಾಯಿಗೆ ಬಿತ್ತು. ಬ್ಯಾಂಕು ಚೇತರಿಸಿಕೊಳ್ಳಲಿಲ್ಲ. 1868ರಲ್ಲಿ ಅದನ್ನು ಮುಚ್ಚಿದರು, ಅದೇ ವರ್ಷ ಹೊಸ ಬ್ಯಾಂಕ್ ಆಫ್ ಬಾಂಬೆ ತೆರೆದರು. ಪ್ರೇಮಚಂದ್ ರಾಯಚಂದರೂ ದಿವಾಳಿಯಾದರು ನಿಜ. ಆದರೆ ಅವರು ಕೊಟ್ಟ ದಾನದಿಂದ ಎದ್ದ ರಾಜಾಬಾಯಿ ಗೋಪುರ 1878ರಲ್ಲಿ ಮುಗಿಯಿತು, ಇಂದಿಗೂ ನಿಂತಿದೆ. ಆ ಹತ್ತಿ ಬಿಡಿಸಿದ ಹೆಂಗಸರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

ಗುಳ್ಳೆ ಒಡೆದದ್ದು ಮುಂಬಯಿಯಲ್ಲಿ. ಅದರ ಏಟು ಹೋಗಿ ಮುಟ್ಟಿದ್ದು ಹಳ್ಳಿಯಲ್ಲಿ.

ಹತ್ತಿಗೆ ಬೆಲೆ ಇದ್ದಾಗ ದಖ್ಖನ್ನಿನ ಹಳ್ಳಿಗಳಲ್ಲಿ ಸಾಹುಕಾರರು ಮುಂದೆ ಬಿದ್ದು ಸಾಲ ಕೊಟ್ಟಿದ್ದರು. ಹತ್ತಿ ಹಾಕಿದ ಎಕರೆಗೆ 100 ರೂಪಾಯಿ ಮುಂಗಡ. ಬೆಲೆ ಬಿದ್ದ ಮೇಲೆ ಮುಂಗಡ ನಿಂತಿತು, ಹಳೇ ಸಾಲ ಮಾತ್ರ ನಿಲ್ಲಲಿಲ್ಲ. ಸರ್ಕಾರ ಅದೇ ಹೊತ್ತಿನಲ್ಲಿ ಭೂಕಂದಾಯದ ಹೊಸ ದರ ತಂದಿತು. ಕೆಲವು ಕಡೆ ಅದು ಹಳೆಯದರ ಒಂದೂವರೆ ಪಟ್ಟು, ಎರಡು ಪಟ್ಟು. ಕಂದಾಯವನ್ನು ನಗದಿನಲ್ಲೇ ಕಟ್ಟಬೇಕು. ನಗದು ಇದ್ದದ್ದು ಸಾಹುಕಾರನ ಹತ್ತಿರ ಮಾತ್ರ.

1859ರಲ್ಲಿ ಒಂದು ಕಾಯ್ದೆ ಬಂದಿತ್ತು. ಸಾಲಪತ್ರಕ್ಕೆ ಮೂರೇ ವರ್ಷ ಆಯುಷ್ಯ ಅಂತ. ರೈತನಿಗೆ ಅನುಕೂಲ ಆಗಲಿ ಅಂತ ಮಾಡಿದ್ದು. ಪೆನ್ನು ಹಿಡಿದವನು ಅದನ್ನೂ ತಿರುಗಿಸಿಬಿಟ್ಟ. ಮೂರು ವರ್ಷ ತುಂಬುತ್ತಲೇ ಅಸಲು ಬಡ್ಡಿ ಕೂಡಿಸಿ ಹೊಸ ಪತ್ರ ಬರೆದ. ಬಡ್ಡಿಯೇ ಅಸಲಾಯಿತು, ಅದಕ್ಕೆ ಮತ್ತೆ ಬಡ್ಡಿ. ಓದು ಬಾರದವನು ಏನು ಬರೆದಿದೆ ಅಂತ ತಿಳಿಯದೆ ಗುರುತು ಹಾಕಿದ. ಕೊಟ್ಟ ಹಣಕ್ಕೆ ರಸೀದಿ ಇಲ್ಲ. ಕೋರ್ಟಿಗೆ ಹೋದರೆ ಕೋರ್ಟು ನಂಬುವುದು ಕಾಗದವನ್ನು.

1875ರ ಮೇ 12ರಂದು ಪುಣೆ ಜಿಲ್ಲೆಯ ಸೂಪಾ ಎಂಬ ಸಂತೆಯ ಊರಿನಲ್ಲಿ ರೈತರು ಎದ್ದರು. ಅವರು ಸಾಹುಕಾರರನ್ನು ಕೇಳಿದ್ದು ಮುಖ್ಯವಾಗಿ ಖಾತೆ ಪುಸ್ತಕ ಮತ್ತು ಸಾಲಪತ್ರಗಳನ್ನು. ಸಿಕ್ಕಿದ್ದನ್ನು ಗುಡ್ಡೆ ಹಾಕಿ ಸುಟ್ಟರು. ಬೆಂಕಿ ಅಹಮದನಗರ ಜಿಲ್ಲೆಗೂ ಹಬ್ಬಿತು. ಸರ್ಕಾರ ಪೊಲೀಸು, ಪಟಾಲಮ್ಮು ಕಳಿಸಿತು, ಆಯೋಗ ಕೂರಿಸಿತು, 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ತಂದಿತು. ಇತಿಹಾಸದ ಪುಸ್ತಕದಲ್ಲಿ ಇದನ್ನು 'ದಖ್ಖನ್ ಗಲಭೆ' ಅಂತ ಬರೆಯುತ್ತಾರೆ. ನನಗೆ ಅದು ಗಲಭೆಯಾಗಿ ಕಾಣುವುದಿಲ್ಲ. ತಮ್ಮ ಬದುಕು ಇನ್ನೊಬ್ಬರ ಅಕ್ಷರದಲ್ಲಿ ಸೆರೆಯಾಗಿದೆ ಅಂತ ಅಕ್ಷರ ಬಾರದ ಜನ ಕಂಡುಕೊಂಡ ದಿನ ಅದು.

ಅದರ ಬೆನ್ನಿಗೇ 1876ರಿಂದ 78ರವರೆಗೆ ಧಾತು ಈಶ್ವರ ಸಂವತ್ಸರದ ಬರ. ಧಾರವಾಡ, ವಿಜಾಪುರ, ಮೈಸೂರು ಸೀಮೆಗಳಲ್ಲಿ ಜನ ಬೀದಿಯಲ್ಲಿ ಸತ್ತರು. ಅದೇ ಹೊತ್ತಿನಲ್ಲಿ ಈ ದೇಶದಿಂದ ಧಾನ್ಯ ಹಡಗು ಹತ್ತಿ ಹೊರಗೆ ಹೋಗುತ್ತಿತ್ತು. ಕೊಳ್ಳಲು ರೊಕ್ಕ ಇದ್ದವನಿಗೆ ಕಾಳು ಸಿಕ್ಕಿತು.

ಈಗ ನಮ್ಮ ಕೇರಿಯ ಮಾತಿಗೆ ಬರುತ್ತೇನೆ. ಸೂಪಾದಲ್ಲಿ ಎದ್ದವರು ಬಹುಮಟ್ಟಿಗೆ ಹೊಲ ಇದ್ದ ಕುಣಬಿ ರೈತರು. ಹೊಲವೇ ಇಲ್ಲದ ಹೊಲೆಯ, ಮಾದಿಗ, ಮಹಾರ, ಮಾಂಗರ ಲೆಕ್ಕ ಕಾಗದಕ್ಕೂ ಏರಿರಲಿಲ್ಲ. ಅದು ಗೌಡನ ಬಾಯಲ್ಲಿತ್ತು, ಕಣದ ರಾಶಿಯಲ್ಲಿತ್ತು. ಸತ್ತ ದನ ಎಳೆದದ್ದಕ್ಕೆ, ಮೆಟ್ಟು ಹೊಲಿದದ್ದಕ್ಕೆ, ಓಲೆ ಹೊತ್ತು ಓಡಿದ್ದಕ್ಕೆ, ಹಲಗೆ ಬಡಿದದ್ದಕ್ಕೆ ವರ್ಷಕ್ಕೊಮ್ಮೆ ಒಂದಿಷ್ಟು ಆಯದ ಕಾಳು, ಮದುವೆಯಲ್ಲಿ ಉಳಿದ ಅನ್ನ, ಮೈಮೇಲೆ ಹಳೇ ಬಟ್ಟೆ. ಮರಾಠಿ ಸೀಮೆಯಲ್ಲಿ ಇದಕ್ಕೆ ಬಲುತೆ ಅಂತಾರೆ. ಎಷ್ಟು ಕೊಡಬೇಕು ಅಂತ ಹೇಳುವವನೂ ಅವನೇ, ಅಳೆಯುವವನೂ ಅವನೇ. ಮುನಿಸಿಕೊಂಡರೆ ಆ ವರ್ಷ ಅದೂ ಇಲ್ಲ. ನಗದು ರಹಿತ ಸಮಾಜ ಅಂತ ಹೊಸದಾಗಿ ಏನೋ ಕಂಡುಹಿಡಿದವರಂತೆ ಮಾತಾಡುವ ಸ್ವಾಮಿಗಳೇ, ನಮ್ಮ ಹಿರೀಕರು ನೂರಾರು ವರ್ಷ ಬಾಳಿದ್ದೇ ಅದರಲ್ಲಿ. ಅದರ ಇನ್ನೊಂದು ಹೆಸರು ಜೀತ.

ಬಾಬಾಸಾಹೇಬರಿಗೆ ಇದು ಚೆನ್ನಾಗಿ ಗೊತ್ತಿತ್ತು. 1923ರಲ್ಲಿ ರೂಪಾಯಿಯ ಸಮಸ್ಯೆಯ ಮೇಲೆ ಲಂಡನ್ನಿನಲ್ಲಿ ಗ್ರಂಥ ಪ್ರಕಟಿಸಿದ ಆ ಅರ್ಥಶಾಸ್ತ್ರಜ್ಞ 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಹಾರ ವತನದ ಮಸೂದೆ ಮಂಡಿಸಿದರು. ಬಲುತೆಯ ಕಾಳಿಗೆ ಕೈ ಚಾಚುವುದು ತಪ್ಪಿ ದುಡಿಮೆಗೆ ನಗದು ಸಿಗುವಂತಾಗಬೇಕು ಎಂಬುದು ಅದರ ಒಂದು ಮುಖ್ಯ ಮಾತು. ಮಸೂದೆ ಗೆಲ್ಲಲಿಲ್ಲ. ಆದರೆ ನಮ್ಮ ಜನ ಕಾಲಿನಿಂದಲೇ ಓಟು ಹಾಕಿದ್ದರು. ರೈಲ್ವೆಗೆ, ಮುಂಬಯಿಯ ಗಿರಣಿಗೆ, ಪಲ್ಟಣಿಗೆ, ಕೋಲಾರದ ಚಿನ್ನದ ಗಣಿಗೆ ಹೋದರು. ಅಲ್ಲೂ ಶೋಷಣೆ ಇತ್ತು, ಜಾತಿಯೂ ಇತ್ತು. ಆದರೆ ವಾರದ ಕೊನೆಗೋ ತಿಂಗಳ ಕೊನೆಗೋ ಕೈಗೆ ನಾಣ್ಯ ಬೀಳುತ್ತಿತ್ತು. ಆ ನಾಣ್ಯ ಹಿಡಿದು ಊರಿಗೆ ಬಂದರೆ ಅಂಗಡಿಯವನು ದೂರ ಇಡಿಸಿ, ನೀರು ಚಿಮುಕಿಸಿ ತಗೊಂಡ. ತಗೊಂಡ ಎಂಬುದನ್ನು ನೆನಪಿಡಿ. ನಮ್ಮ ಮೈ ಮೈಲಿಗೆಯಾಗೇ ಉಳಿಯಿತು, ನಮ್ಮ ರೊಕ್ಕ ಉಳಿಯಲಿಲ್ಲ.

ಇದನ್ನೆಲ್ಲ ಹಳೇ ಕತೆ ಅನ್ನುವವರಿಗೆ ಇತ್ತೀಚಿನದನ್ನೂ ಹೇಳುತ್ತೇನೆ. 2016ರ ನವೆಂಬರ್ 8ರ ರಾತ್ರಿ 500, 1000ದ ನೋಟುಗಳು ರದ್ದಾದವು. ಚಲಾವಣೆಯ ಮೊತ್ತದಲ್ಲಿ 86 ಪಾಲು ಅವೇ. ಕಪ್ಪು ಹಣ ಸಾಯುತ್ತದೆ ಅಂದರು. ರಿಸರ್ವ್ ಬ್ಯಾಂಕಿನ 2018ರ ಲೆಕ್ಕದ ಪ್ರಕಾರ ಆ ನೋಟುಗಳಲ್ಲಿ ನೂರಕ್ಕೆ 99 ಪಾಲಿಗೂ ಹೆಚ್ಚು ಬ್ಯಾಂಕಿಗೆ ವಾಪಸು ಬಂದವು. ವಾಪಸು ಬಾರದ್ದು ಕೂಲಿ ಬಿಟ್ಟು ಸಾಲಿನಲ್ಲಿ ನಿಂತವರ ದಿನಗಳು.

2019ರ ಸೆಪ್ಟೆಂಬರ್‌ನಲ್ಲಿ ಅದೇ ಮುಂಬಯಿಯಲ್ಲಿ ಪಂಜಾಬ್ ಮತ್ತು ಮಹಾರಾಷ್ಟ್ರ ಸಹಕಾರಿ ಬ್ಯಾಂಕು ಕುಸಿಯಿತು. ಅದು ಕೊಟ್ಟ ಸಾಲದಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಪಾಲು ಒಂದೇ ಕಟ್ಟಡ ಕಂಪನಿಯ ಗುಂಪಿಗೆ, ಸುಳ್ಳು ಖಾತೆಗಳ ಮರೆಯಲ್ಲಿ ಹೋಗಿತ್ತು. ಮೊದಲ ದಿನಗಳಲ್ಲಿ ಠೇವಣಿದಾರರು ತೆಗೆಯಬಹುದಾಗಿದ್ದದ್ದು 1,000 ರೂಪಾಯಿ ಮಾತ್ರ. 1865ರಲ್ಲಿ ಸಮುದ್ರ ತುಂಬುವ ಕನಸಿಗೆ ಸಾಲ, 2019ರಲ್ಲಿ ಮಹಡಿ ಕಟ್ಟುವ ಕನಸಿಗೆ ಸಾಲ. ಗುಳ್ಳೆ ಒಡೆದ ದಿನ ಪುಸ್ತಕದಲ್ಲಿರುವ ಹಣ ನಮ್ಮದಾಗಿರುವುದಿಲ್ಲ. ಅವರು ಎಷ್ಟು ಕೊಡುತ್ತಾರೋ ಅಷ್ಟೇ ನಮ್ಮದು.

2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ಬೀಡಾ, ತರಕಾರಿ ಅಂಗಡಿಯವರಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟೀಸು ಬಂದದ್ದು ಯುಪಿಐ ಲೆಕ್ಕ ನೋಡಿ. ಅಂಗಡಿಗಳ ಮುಂದೆ 'ನಗದು ಮಾತ್ರ' ಎಂಬ ಚೀಟಿ ಹತ್ತಿತು. ಗದ್ದಲವಾದ ಮೇಲೆ, ನೋಂದಣಿ ಮಾಡಿಸಿದರೆ ಹಳೇ ಬಾಕಿ ಕೇಳುವುದಿಲ್ಲ ಅಂತ ಸರ್ಕಾರ ಹೇಳಿತು. ತೆರಿಗೆ ಕಟ್ಟಬಾರದು ಅಂತ ನಾನು ಹೇಳುತ್ತಿಲ್ಲ. ಪುಸ್ತಕ ಯಾರ ಹತ್ತಿರ ಇದೆಯೋ ಅವರು ಬೇಕಾದಾಗ ತೆರೆದು ಓದುತ್ತಾರೆ, ನಾವು ಓದಲಾರೆವು ಅಂತ ಹೇಳುತ್ತಿದ್ದೇನೆ.

ನಾನು ಫೋನಿನ ವೈರಿಯೂ ಅಲ್ಲ. ಬೆಂಗಳೂರಿಗೆ ಗೌಂಡಿ ಕೆಲಸಕ್ಕೆ ಹೋದ ನಮ್ಮ ಹುಡುಗರು ದುಡಿದ ಸಂಜೆಯೇ ಊರಿಗೆ ಹಣ ಕಳಿಸುತ್ತಾರೆ. ಕೂಲಿ ನೇರ ಖಾತೆಗೆ ಬಿದ್ದ ಮೇಲೆ ನಮ್ಮ ಕೇರಿಯಲ್ಲಿ ಮೇಸ್ತ್ರಿ ಮುರಿದುಕೊಳ್ಳುವುದು ಕಮ್ಮಿಯಾಗಿದೆ. ಒಳ್ಳೆಯದೇ. ಆದರೆ ಅನುಕೂಲ ಬೇರೆ, ಕಡ್ಡಾಯ ಬೇರೆ. 2024ರ ಜನವರಿ 1ರಿಂದ ಉದ್ಯೋಗ ಖಾತ್ರಿಯ ಕೂಲಿಗೆ ಆಧಾರ್ ಜೋಡಣೆ ಕಡ್ಡಾಯವಾಯಿತು. ಹೆಸರಿನ ಒಂದು ಅಕ್ಷರ ತಪ್ಪಿದರೆ ಮಣ್ಣು ಹೊತ್ತ ಲೆಕ್ಕವೇ ನಿಲ್ಲುವ ಹಾಗಾಯಿತು.

ಆದ್ದರಿಂದ ಸಂಗಾತಿಗಳೇ, ನಮ್ಮ ಬೇಡಿಕೆ ದೊಡ್ಡದಲ್ಲ. ದುಡಿದವನು ಕೇಳಿದರೆ ಕೂಲಿ ಕೈಗೆ ಸಿಗಬೇಕು. ನಗದು ಬೇಡ ಅನ್ನುವ ಅಧಿಕಾರ ಯಾವ ಕಚೇರಿಗೂ ಇರಬಾರದು. ಬೆರಳು ಹತ್ತದಿದ್ದರೆ ಮನುಷ್ಯನ ಮುಖ ನೋಡಿ ಹಣ ಕೊಡುವ ದಾರಿ ಪ್ರತಿ ಊರಿನಲ್ಲೂ ಇರಬೇಕು. ಹಳ್ಳಿಯ ಮಾಸ್ತರರಲ್ಲಿ ಒಂದು ವಿನಂತಿ: ಏಳನೇ ಇಯತ್ತೆಯ ಮಕ್ಕಳಿಗೆ ಬಡ್ಡಿ ಲೆಕ್ಕ ಕಲಿಸುವಾಗ ಅವರ ಅವ್ವಂದಿರ ಪಾಸ್‌ಬುಕ್ಕನ್ನೇ ತರಿಸಿ ಓದಿಸಿರಿ. ಸೂಪಾದ ಜನಕ್ಕೆ ಓದಲು ಬಂದಿದ್ದರೆ ಸುಡುವ ಮೊದಲು ಆ ಪುಸ್ತಕದ ಸುಳ್ಳನ್ನು ಸಂತೆಯಲ್ಲಿ ಓದಿ ಹೇಳುತ್ತಿದ್ದರು.

ಮರುದಿನ ಅವ್ವ ಮತ್ತೆ ಹೋದಳು. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಹೋಗಿದ್ದಳು. ಮೂರನೇ ಸಲಕ್ಕೆ ಹತ್ತಿತು. ನೋಟುಗಳನ್ನು ಎರಡು ಸಲ ಎಣಿಸಿ, ಮೊದಲು ಹಿಟ್ಟಿನ ಉದ್ರಿ ತೀರಿಸಿ, ಪುಸ್ತಕದಲ್ಲಿ ತನ್ನ ಹೆಸರಿನ ಮೇಲೆ ಗೆರೆ ಎಳೆಯುವವರೆಗೂ ಅಂಗಡಿಯವನ ಮುಂದೆ ನಿಂತಿದ್ದು ಮನೆಗೆ ಬಂದಳು.