ಗುಂಡಿನಿಂದ ಮನವಿ ಪತ್ರದವರೆಗೆ

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ವಿದ್ಯಾರ್ಥಿ ಚಳವಳಿಯ ಮೊದಲ ಪುಟಗಳನ್ನು ಹುಡುಕುವವರು ಬೆಂಗಳೂರು, ಮೈಸೂರಿನ ಬೀದಿಗಳಿಗೇ ಹೋಗಬೇಕು. ಮೈಸೂರು ಸಂಸ್ಥಾನದಲ್ಲಿ ಈ ಭಾಗದ ಹುಡುಗರು ಕಾಲೇಜು ಓದಬೇಕೆಂದರೆ ಊರು ಬಿಡಬೇಕಿತ್ತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ ಎಚ್. ನರಸಿಂಹಯ್ಯ ಹೈಸ್ಕೂಲಿಗೆಂದು ಬೆಂಗಳೂರಿಗೆ ನಡೆದೇ ಹೋದವರು.

ಅವರ ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಗೋಲಿಬಾರ್ ನಡೆಯಿತು. ಸತ್ತವರು 32 ಮಂದಿ ಎಂದು ಜನ ಇಂದಿಗೂ ಹೇಳುತ್ತಾರೆ. ಸರ್ಕಾರದ ಲೆಕ್ಕ ಅದಕ್ಕಿಂತ ಬಹಳ ಕಡಿಮೆ. ಆಮೇಲೆ ವಿಚಾರಣಾ ಸಮಿತಿ ಬಂತು, ದಿವಾನ್ ಮಿರ್ಜಾ ಇಸ್ಮಾಯಿಲರು ಕಾಂಗ್ರೆಸ್ಸಿನೊಂದಿಗೆ ರಾಜಿ ಮಾಡಿಕೊಂಡರು. ಅದು ವಿದ್ಯಾರ್ಥಿಗಳ ಹೋರಾಟವಲ್ಲ, ನಿಜ. ಆದರೆ ಮೊದಲು ಗುಂಡು, ಬಳಿಕ ಸಮಿತಿ, ಕೊನೆಗೆ ಮಾತುಕತೆ ಎಂಬ ವರಸೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ತರಗತಿಗಳು ಖಾಲಿಯಾದವು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಓದುತ್ತಿದ್ದ ನರಸಿಂಹಯ್ಯನವರು ಪುಸ್ತಕ ಮುಚ್ಚಿಟ್ಟು ಚಳವಳಿಗಿಳಿದು ಜೈಲು ಸೇರಿದರು. ಬೆಂಗಳೂರಿನ ಮೈಸೂರು ಬ್ಯಾಂಕ್ ವೃತ್ತದ ಹುತಾತ್ಮರ ಸ್ಮಾರಕ ಆ ದಿನಗಳ ನೆನಪಿನದ್ದೇ.

ನನ್ನನ್ನು ಹೆಚ್ಚು ಕಲಕುವುದು 1947. ದೇಶ ಸ್ವತಂತ್ರವಾಗಿ ತಿಂಗಳು ತುಂಬಿರಲಿಲ್ಲ. ಜವಾಬ್ದಾರಿ ಸರ್ಕಾರಕ್ಕಾಗಿ ನಡೆದ 'ಮೈಸೂರು ಚಲೋ'ದಲ್ಲಿ ಸೆಪ್ಟೆಂಬರ್ 13ರಂದು ರಾಮಸ್ವಾಮಿ ಎಂಬ ವಿದ್ಯಾರ್ಥಿ ಮೈಸೂರಿನಲ್ಲಿ ಗುಂಡಿಗೆ ಬಲಿಯಾದ. ಮರುತಿಂಗಳೇ ಅರಮನೆ ಮಣಿಯಿತು. ಈ ತಾಲ್ಲೂಕುಗಳೂ ಆಗ ಸೇರಿದ್ದ ಕೋಲಾರ ಜಿಲ್ಲೆಯವರೇ ಆದ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು. ಒಂದು ತಿಂಗಳ ಬಳಿಕ ಒಪ್ಪಿದ್ದನ್ನು ಮೊದಲೇ ಒಪ್ಪಿದ್ದರೆ ಆ ಹುಡುಗ ಉಳಿಯುತ್ತಿದ್ದ.

ಹೊಸದಾಗಿ ಸ್ವತಂತ್ರವಾದ ಬೇರೆ ನಾಡುಗಳೂ ತಮ್ಮ ವಿದ್ಯಾರ್ಥಿಗಳಿಗೆ ಹೆದರಿವೆ. ತಾಂಜಾನಿಯಾದಲ್ಲಿ 1966ರ ಅಕ್ಟೋಬರ್‌ನಲ್ಲಿ ಕಡ್ಡಾಯ ರಾಷ್ಟ್ರೀಯ ಸೇವೆಯನ್ನು ವಿರೋಧಿಸಿ ಮೆರವಣಿಗೆ ಬಂದ ಸುಮಾರು 400 ವಿದ್ಯಾರ್ಥಿಗಳನ್ನು ಅಧ್ಯಕ್ಷ ನ್ಯೆರೆರೆ ವಿಶ್ವವಿದ್ಯಾಲಯದಿಂದ ಹೊರಹಾಕಿದರು.

ನಮ್ಮಲ್ಲಿ 1973ರ ಬೂಸಾ ಪ್ರಕರಣ ಬೇರೆಯೇ ಪಾಠ ಕಲಿಸಿತು. ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದ ಸಚಿವ ಬಿ. ಬಸವಲಿಂಗಪ್ಪನವರ ವಿರುದ್ಧ ಮೇಲ್ಜಾತಿಯ ವಿದ್ಯಾರ್ಥಿಗಳು ಬೀದಿಗಿಳಿದರು, ದಲಿತ ವಿದ್ಯಾರ್ಥಿಗಳು ಹಲ್ಲೆಗೊಳಗಾದರು. ದೇವರಾಜ ಅರಸರ ಸರ್ಕಾರ ಸಚಿವರನ್ನು ಉಳಿಸಿಕೊಳ್ಳಲಿಲ್ಲ. ವಿದ್ಯಾರ್ಥಿ ಚಳವಳಿಯೆಲ್ಲ ನ್ಯಾಯದ ಕಡೆಗೇ ಇರುತ್ತದೆ ಎಂಬ ನಂಬಿಕೆ ಅಲ್ಲಿ ಮುರಿಯಿತು. ಆ ಸಂಕಟದಿಂದ ದಲಿತ ಸಂಘರ್ಷ ಸಮಿತಿಗೆ ಬಲ ಬಂತು. ಆಗ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು, 1942ರಲ್ಲಿ ಜೈಲು ಸೇರಿದ್ದ ಅದೇ ನರಸಿಂಹಯ್ಯ. ಗೌರಿಬಿದನೂರು, ಬಾಗೇಪಲ್ಲಿಗಳಿಗೆ ನ್ಯಾಷನಲ್ ಕಾಲೇಜು ಬರುವುದರ ಹಿಂದೆಯೂ ಅವರಿದ್ದರು. ಊರ ಮಕ್ಕಳಿಗೆ ಊರಲ್ಲೇ ಕಾಲೇಜು ಸಿಕ್ಕಿದ್ದನ್ನು ನಾನು ಯಾವ ಸಮಿತಿಯ ವರದಿಗಿಂತಲೂ ದೊಡ್ಡ ಉತ್ತರವೆಂದು ಎಣಿಸುತ್ತೇನೆ.

ಸರ್ಕಾರ ಕೊಟ್ಟ ಉತ್ತರ ಬೇರೆ. ಗಲಾಟೆಯ ಕಾರಣ ಹೇಳಿ 1980ರ ದಶಕದ ಕೊನೆಗೆ ರಾಜ್ಯದ ಕಾಲೇಜುಗಳಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆ ನಿಲ್ಲಿಸಿತು. ಲಾಠಿಯ ಗಾಯ ಮಾಯುತ್ತದೆ. ಚುನಾವಣೆ ಕಾಣದೆ ಓದು ಮುಗಿಸಿದವರಿಗೆ ತಮ್ಮವನನ್ನು ಆರಿಸಿ ಕಳಿಸುವ ಅಭ್ಯಾಸವೇ ತಪ್ಪಿಹೋಯಿತು.

ಚಿಂತಾಮಣಿ, ಶಿಡ್ಲಘಟ್ಟದ ವಿದ್ಯಾರ್ಥಿಗಳು ಇಂದು ರಸ್ತೆಗಿಳಿಯುವುದು ಹೆಚ್ಚಾಗಿ ಬಸ್ಸಿಗೆ, ವಿದ್ಯಾರ್ಥಿವೇತನಕ್ಕೆ, ಹಾಸ್ಟೆಲ್ ಊಟಕ್ಕೆ. ತಹಶೀಲ್ದಾರರು ಬಂದು ಮನವಿ ಪತ್ರ ತೆಗೆದುಕೊಳ್ಳುತ್ತಾರೆ. ಆ ಮನವಿ ಏನಾಯಿತೆಂದು ಮರುವಾರ ಕಚೇರಿಗೆ ಹೋಗಿ ಕೇಳಲು, ವಿದ್ಯಾರ್ಥಿಗಳೇ ಆರಿಸಿದ ಪ್ರತಿನಿಧಿ ಯಾರೂ ಇಲ್ಲ.